ಶಿಫಾರಸು ಪತ್ರ

"ನೀವೇ ಬರೆದು ತನ್ನಿ ಮಾರಾಯ್ರೆ, ನಾನು ಸಹಿ ಹಾಕ್ತೇನೆ.
ನನ್ನ ಇಂಗ್ಲಿಷು ಸಂಬಳದ ಬಿಲ್ಲಿಗೆ ಸಾಕು,
ಅಲ್ಮಾಟಿಗೆ ಸಾಲದು"
ಎಂದರು ಶೆಟ್ಟಿಗಾರ್ ಮಾಸ್ಟ್ರು, ಗೊಂಚಲಿನಲ್ಲಿ
ಲ್ಯಾಬಿನ ಕೀಲಿ ಹುಡುಕುತ್ತ.

ಹಾಗಾಗಿ ಈ ರಾತ್ರಿ, ಮುಕ್ಕದ ಬಾಡಿಗೆ ಮನೆಯಲ್ಲಿ,
ಹೆದ್ದಾರಿಯ ಟ್ಯಾಂಕರುಗಳಿಗೆ ಕಿಟಕಿ ಗಾಜು ನಡುಗುವಾಗ
ನನ್ನನ್ನು ನಾನೇ ಹೊಗಳಲು ಕೂತಿದ್ದೇನೆ.

ಮೊದಲು ಕನ್ನಡದಲ್ಲೇ ಗೀಚಿ ನೋಡಿದೆ.
ಮೊದಲ ಪದಕ್ಕೇ ತಡೆ: ಅವಳೋ, ಅವರೋ?
ನನಗೆ ನಾನೇ ಬಹುವಚನ ಕೊಟ್ಟುಕೊಂಡರೆ
ಗೋಡೆಯ ಮೇಲಿನ ಅಮ್ಮ ನಕ್ಕಾಳು.
ಅವಳು ಎಂದರೋ, ಸ್ಟಾಫ್ ರೂಮಿನಲ್ಲಿ
ರಜೆ ಹಾಕಿದವಳ ಸುದ್ದಿ ಎತ್ತಿದ ಹಾಗೆ.
ಇಂಗ್ಲಿಷಿನ ಶೀ ಒಂದು ನೈಟಿ,
ಯಾರ ಅಳತೆಯನ್ನೂ ಕೇಳುವುದಿಲ್ಲ.
ಅದನ್ನೇ ತೊಟ್ಟೆ.

ವಿನ್ನಿಫ್ರೆಡ್ ಸಿಕ್ವೇರ. ವಿಜ್ಞಾನ, ಹದಿನೇಳು ವರ್ಷ.
ಸಮಯಪಾಲನೆ ಅತ್ಯುತ್ತಮ.
ಎಕ್ಸ್‌ಪ್ರೆಸ್ ಬಸ್ಸು ಕೈಕೊಟ್ಟ ದಿನ
ಮೀನಿನ ಟೆಂಪೋ ಹತ್ತಿ ಬಂದು
ಇಡೀ ಪ್ರಾರ್ಥನೆಯ ಸಾಲು ಮೂಗು ಮುಚ್ಚಿಕೊಂಡದ್ದನ್ನು
ಶೀ ಹೇಳುವುದಿಲ್ಲ.
ಹಾಜರಿ ಪುಸ್ತಕದಲ್ಲಿ ಈ ವರ್ಷ ಮೂವತ್ತೊಂದೇ ಹೆಸರು,
ಎಂಟು ತಿಂಗಳಿಂದ ಸಂಬಳ ಅರ್ಧ
ಎಂಬುದನ್ನೂ.

ಹಂಪನಕಟ್ಟೆಯ ಏಜೆನ್ಸಿ ಹುಡುಗ ಹೇಳಿ ಕಳಿಸಿದ್ದ:
"ಡೈನಾಮಿಕ್ ಅಂತ ಎರಡು ಕಡೆ ಬರಲಿ ಮೇಡಂ.
ಟೀಚರ್ ಬೇಡ, ಫೆಸಿಲಿಟೇಟರ್ ಅನ್ನಿ."
ಕುಟುಂಬದ ಕಾಲಮ್ಮಿಗೆ ಅವನೇ ಗೀಟು ಎಳೆದ.
"ಹಿಂದೆ ಮುಂದೆ ಯಾರೂ ಇಲ್ಲ, ಅದು ನಿಮಗೆ ಪ್ಲಸ್ ಪಾಯಿಂಟು."
ನಲವತ್ತೆರಡಕ್ಕೆ ಸಿಕ್ಕಿದ ಒಂದು ಅಂಕ.
ಥ್ಯಾಂಕ್ಸ್ ಅಂದೆ.

ಹೋದ ವಾರ ಪರದೆಯ ಮೇಲೆ ಮೂರು ಮುಖ.
ನಡುವಿನ ಹೆಂಗಸು ಕೇಳಿದಳು:
"ಇಲ್ಲಿ ಜನವರಿ ಮೈನಸ್ ಹದಿನೈದು. ಅಭ್ಯಾಸವಿದೆಯೇ?"
ನನ್ನ ಹತ್ತಿರ ಇರುವ ಸ್ವೆಟರು ಒಂದೇ, ಊಟಿ ಟೂರಿನದ್ದು,
ಬಗಲಲ್ಲಿ ನುಸಿ ತಿಂದಿದೆ.
ಐಸಿನ ಪರಿಚಯ ಇದೆ, ಅಂದೆ.

ಇದೆ.
ಪ್ರತಿ ವರ್ಷ ಉಷ್ಣದ ಪಾಠಕ್ಕೆ
ಧಕ್ಕೆಯಿಂದ ತಮೀಮನ ಅಪ್ಪ ತರುತ್ತಾನೆ
ಥರ್ಮಾಕೋಲ್ ಪೆಟ್ಟಿಗೆ ತುಂಬ ಪುಡಿ ಐಸು,
ಬಂಗುಡೆಯ ಒಂದೆರಡು ಬೆಳ್ಳಿ ಚೂರಿನ ಸಮೇತ.
ಬಕೆಟಿಗೆ ಸುರಿದು, ಮೂರು ಹಿಡಿ ಕಲ್ಲುಪ್ಪು ಹಾಕಿ
ಥರ್ಮಾಮೀಟರ್ ಇಳಿಬಿಟ್ಟರೆ
ಬೆವರುವ ಮಕ್ಕಳೆಲ್ಲ ಅದರ ಮೇಲೆ ಬಾಗಿ
ಉಸಿರು ಬಿಗಿಹಿಡಿಯುತ್ತಾರೆ.
ಸೊನ್ನೆ. ಮೈನಸ್ ನಾಲ್ಕು. ಮೈನಸ್ ಒಂಬತ್ತು.
ಹತ್ತಕ್ಕೆ ಗಾಜಿನ ಮೇಲಿನ ಗೆರೆ ಮುಗಿಯಿತು,
ಪಾದರಸ ಇನ್ನೂ ಇಳಿಯುತ್ತಿತ್ತು.
"ಅದರ ಕೆಳಗೆ ಎಂತ ಉಂಟು ಟೀಚರ್?"
ಗೊತ್ತಿಲ್ಲ, ಹೋಗಿ ನೋಡಬೇಕು,
ಅಂದಿದ್ದೆ, ಬಾಯಿಗೆ ಬಂದದ್ದನ್ನು.

ಅದನ್ನು ಪತ್ರದಲ್ಲಿ ಬರೆದೆ. ಉದ್ದವಾಯಿತು, ಅಳಿಸಿದೆ.
ಎರಡೂ ಡೈನಾಮಿಕ್ಕುಗಳನ್ನು ತೆಗೆದೆ,
ಬಕೆಟಿಗೆ ಜಾಗವಾಯಿತು.

ಬೆಳಿಗ್ಗೆ ಮಾಸ್ಟ್ರು ನಿಂತೇ ಓದಿದರು,
ಮತ್ತೆ ಕೂತು ಓದಿದರು.
"ಐಸಿನ ದುಡ್ಡು ನೀವೇ ಕೊಡ್ತಿದ್ದದ್ದಾ?"
ಇಲ್ಲ ಸರ್, ಐಸು ಪುಕ್ಕಟೆ. ಉಪ್ಪು ಮಾತ್ರ ನನ್ನದು.
ಅವರು ಪೆನ್ನು ಹುಡುಕಿದರು,
ಅದು ಕಿಸೆಯಲ್ಲೇ ಇತ್ತು.
ಕನ್ನಡದಲ್ಲಿ ಸಹಿ ಹಾಕಿದರು, ಮೂವತ್ತು ವರ್ಷ
ಮಾರ್ಕ್ಸ್ ಕಾರ್ಡುಗಳಿಗೆ ಹಾಕಿದ ಹಾಗೆ,
ರಕಾರದ ಬಾಲ ಕೆಳಗಿನ ಅಂಚಿನ ತನಕ.

ಸಂಜೆ ಏಜೆನ್ಸಿಯ ಫೋನು.
"ಸಹಿ ಇಂಗ್ಲಿಷಲ್ಲಿ ಇಲ್ಲ ಮೇಡಂ.
ಅದಕ್ಕೂ ಅನುವಾದ ಬೇಕಂತೆ, ನೋಟರಿ ಆಗಬೇಕಂತೆ,
ನಾನೂರು ರೂಪಾಯಿ."

ನೋಟರಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.
ಪಕ್ಕದಲ್ಲಿ ಟೈಪು ಮಾಡಿಸಿದರು:
ಇದು ಒಬ್ಬರ ಹೆಸರು.
ಆ ಬಾಲವನ್ನು ಏನು ಮಾಡುವುದೆಂದು ತಿಳಿಯದೆ
ಅದರ ಮೇಲೆಯೇ ಸೀಲು ಒತ್ತಿದರು.

ಚಿಲ್ಲರೆ ಇರಲಿಲ್ಲ. ಐನೂರರ ನೋಟು ಕೊಟ್ಟು
ಕಾಯುತ್ತ ನಿಂತೆ.