ಪರದೇಶಿ ವಿಭಾಗ

ಬಾಗಲ ಮ್ಯಾಲ ಮರಾಠಿಯೊಳಗ ಬರದದ:
ಪರದೇಶಿ ವಿದ್ಯಾರ್ಥಿ ವಿಭಾಗ.
ದಿನಾ ಕೀಲಿ ತಗೀವಾಗ
ನಾ ಅದನ್ನ ಕನ್ನಡದಾಗ ಓದತೀನಿ,
ದಿನಾ ಒಂದೀಟು ಕರಳು ಚುರ್ ಅಂತದ.
ನಮ್ಮ ಕಡೆ ಪರದೇಶಿ ಅಂದ್ರ
ಹಿಂದಿಲ್ಲ ಮುಂದಿಲ್ಲ,
ಸತ್ತರ ಹೊರಲಿಕ್ಕೆ ನಾಲ್ಕು ಹೆಗಲಿಲ್ಲ.
ಇಲ್ಲಿ ಪುಣೆದಾಗ ಅದು ಬರೇ ಒಂದು ಕೋಣಿ,
ಮೂರು ಕುರ್ಚಿ, ಕೆಮ್ಮೋ ಪ್ರಿಂಟರು,
ಜುಲೈದಾಗ ಸೋರೋ ಮೂಲಿ.

ನೀಮಾ ಬಂದದ್ದೂ ಜುಲೈದಾಗ.
ಟಾಂಜಾನಿಯಾದ ಮ್ವಾಂಜಾದಾಕಿ,
ಸಮುದ್ರದಷ್ಟು ದೊಡ್ಡ ಕೆರಿ ದಂಡಿಯ ಊರು.
ಎರಡು ಪೆಟ್ಟಿಗಿ, ಒಂದರ ಗಾಲಿ
ವಿಮಾನದಾಗ ಮುರದಿತ್ತು.
ನೀವು ಯಾವ ಊರವರು, ಕೇಳಿದ್ಲು.
ಇಂಡಿ, ಅಂದೆ.
ಇಂಡಿಯಾ, ಗೊತ್ತು. ಊರು ಯಾವುದು?
ಇಂಡಿ ತಂಗಿ, ಇಂಡಿ. ತಾಲೂಕು.
ಲಿಂಬಿಹಣ್ಣಿನ ಸೀಮಿ.
ಆಕಿ ತಲಿ ಹಾಕಿದ್ಲು,
ಸುಳ್ಳು ಹೇಳೋರ ಮುಂದ ಮರ್ಯಾದಿಯವರು ಹಾಕಿದಂಗ.

ಮನಿ ಹುಡುಕಿದ್ವಿ. ವಾರಜೆ, ಕರ್ವೆನಗರ,
ಕೋಂಢವಾದ ಏರು.
ಫೋನಿನಾಗ ಖಾಲಿ ಇದ್ದ ಮನಿ
ಬಾಗಲದಾಗ ಆಕೀ ಮಾರಿ ಕಂಡ ಕೂಡ್ಲೆ
ತುಂಬಿ ಹೋಗತಿತ್ತು.
ಒಬ್ಬಾಕಿ ಕೇಳಿದ್ಲು, ನನ್ನ, ಆಕೀನ್ನಲ್ಲ,
ರಾತ್ರಿ ಯಾರ್ಯಾರು ಬರತಾರ ಈಕೀ ಹತ್ರ?
ಮರಾಠಿಯಿಂದ ಇಂಗ್ಲಿಷಿಗೆ ಹೊತಗೊಂಡು ಹೋಗುವಾಗ
ಆ ಮಾತನ್ನ ನಾ ದಾರ್ಯಾಗ ಚೆಲ್ಲಿಬಿಟ್ಟೆ.
ನೀರು ಬೆಳಗ್ಗೆ ಆರಕ್ಕ ಬರತದಂತ, ಅಂದೆ.
ನೀಮಾ ನನ್ನನ್ನ ನೆಟ್ಟಗ ನೋಡಿದ್ಲು:
ಅಷ್ಟುದ್ದ ಮಾತಿನಾಗ ಇಷ್ಟ ನೀರಾ?

ಒಂಬತ್ತನೇದು ದಾಪೋಡಿಯೊಳಗ, ರೈಲ್ವೆ ಗೋಡಿ ಹಿಂದ.
ಲೋಕಲ್ ಹೋದಾಗೊಮ್ಮೆ ಕಪಾಟಿನ ಗ್ಲಾಸು ಮಾತಾಡತಾವು.
ಮಾಲಕಿ ಕ್ಷೀರಸಾಗರ ಬಾಯಿ ಕೇಳಿದ್ದು ಒಂದ:
ಬೆಕ್ಕಿಗೆ ಅಂಜತಾಳೇನು?

ಹದಿನೇಳು ವರ್ಷದ ಹಿಂದ
ಅದ ಓಣಿಯ ಅಂಗಡ್ಯಾಗ
ಉಪ್ಪಿಗೆ ಮೀಠ ಅಂತಾರಂತ ತಿಳೀದ
ನನ್ನ ಅಂಗೈ ನಾನ ನೆಕ್ಕಿ ತೋರಿಸಿದ್ದೆ.
ನಿಂತ ಮಂದಿಯೆಲ್ಲ ನಕ್ಕಿದ್ದರು.
ಇದನ್ನ ನೀಮಾಗ ಹೇಳಲಿಲ್ಲ.
ಉಪ್ಪು ಅಂದ್ರ ಮೀಠ, ಅಷ್ಟ ಕಲಿಸಿದೆ.
ಒಂದರಿಂದ ನಾಲ್ಕು ಅಂಗಡಿಗಳು ಮಲಗತಾವು, ಎಬ್ಬಿಸಬ್ಯಾಡ.
ಮಾರಿಗೆ ಓಢಣಿ ಸುತಗೊಂಡು ಗಾಡಿ ಹೊಡಿಯೋ ಹುಡುಗ್ಯಾರು
ಯಾರಿಗೂ ಅಂಜಿಲ್ಲ, ಧೂಳಿಗೆ ಮಾತ್ರ.
ರಿಕ್ಷಾದವಗ ದಾದಾ ಅನ್ನು.

ದಾದಾ?
ಫುಟ್‌ಪಾತಿನ ಮ್ಯಾಲ ಕುಂತು ನಕ್ಕಳು, ಕಣ್ಣಾಗ ನೀರು ಬರೋತನಕ.
ನಮ್ಮಲ್ಲಿ ದಾದಾ ಅಂದ್ರ ಅಕ್ಕ,
ಕಾಕಾ ಅಂದ್ರ ಅಣ್ಣ!
ಮುಂದ ಎಷ್ಟೋ ದಿನ
ಗಿರಿಜಾ ಮೀಸಿಯ ರಿಕ್ಷಾದವರನ್ನ
ಅಕ್ಕಾ, ಅಕ್ಕಾ ಅಂತ ಕರದು
ತುಟಿ ಕಚಗೊಂಡು ಹತ್ತತಿದ್ಲು.

ಹದಿನಾಲ್ಕು ದಿನದೊಳಗ ನೋಂದಣಿ ಆಗಬೇಕು.
ಹನ್ನೆರಡನೇ ದಿನ ಕಮಿಷನರ್ ಕಚೇರಿ,
ತೊಯ್ದ ಛತ್ರಿಗಳ ನಡುವ ಉದ್ದ ಸಾಲು.
ಫಾರಂ ತುಂಬಿದವಳು ನೀಮಾ.
ಹವಾಲ್ದಾರ ಬೆರಳಿಟ್ಟು ಓದಿದ.
ಇಲ್ಲಿಯ ಪಾಲಕರ ಹೆಸರು: ನನ್ನದು.
ಪಾಲಕರ ಸಂಬಂಧ:
ಬೆರಳು ನಿಂತಿತು.
ಕನ್ನಡಕ ತಗದ, ನನ್ನ ಸೀರಿ ನೋಡಿದ,
ಫಾರಂ ನೋಡಿದ, ತಿರಗಿ ಸೀರಿ ನೋಡಿದ.
ಬಾಯಿ, ದಾದಾ ತುಮ್ಹೀ ಕಾ?
ಹೋ, ಅಂದೆ, ಮೀಚ್.
ಹಿಂದ ನೀಮಾ ಕೆಮ್ಮಿದಂಗ ಮಾಡಿದ್ಲು.
ಅಂವ ಒಂದು ಗಳಿಗಿ ತಡದು,
ಊಟದ ಹೊತ್ತಾಗಿತ್ತು,
ಶಿಕ್ಕಾ ಒತ್ತಿದ.