ಒಂದು ಮೂಟೆ, ಸೌದೆಯ ಬಾಬ್ತು

ತಮಾಲೆಯಿಂದ ಕುಂಬುಂಗು ಕಡೆ ಹೊರಳುವ ಮಣ್ಣುದಾರಿಯಲ್ಲಿ
ತಗಡಿನ ಶೆಡ್ಡು ನಮ್ಮದು. ಹುರಿಯುವ ಡ್ರಮ್ಮು ಒಂದು,
ಬೀಸುವ ಮೋಟಾರು ಒಂದು, ಸಾಲ ಎರಡು.
ಶೇಂಗಾ, ಸೋಯಾ, ಜೋಳ ಅರೆದು
ಹಲ್ಲು ಬಾರದ ಬಾಯಿಗಳಿಗೆ ಹಿಟ್ಟು ಮಾಡುತ್ತೇವೆ.
ಪೊಟ್ಟಣದ ಮೇಲೆ ನಗುವ ಮಗು ನನ್ನ ತಂಗಿಯದು.
ಫೋಟೋ ತೆಗೆದ ದಿನ ಅದಕ್ಕೆ ಜ್ವರ.

ತುಟಿ ಒಡೆಯುವ ಒಣಗಾಳಿ ಶುರುವಾದ ವಾರ
ಸೋದರತ್ತೆ ಸನಾತು ಮೂಟೆ ತಂದಳು.
ತಾನೇ ಕೂತು ಸುಲಿದದ್ದು, ಹೆಬ್ಬೆರಳ ಉಗುರು ಸವೆದಿತ್ತು.
ಕಾಳು ದುಂಡಗೆ, ಗುಲಾಬಿ ಬಣ್ಣ, ಹುಡುಕಿದರೂ ಜೊಳ್ಳಿಲ್ಲ.
ಒಂದು ಬಾಯಿಗೆ ಹಾಕಿಕೊಂಡೆ. ಸಿಹಿ.
ನಾಲಗೆಗೆ ಸಿಗುವಂಥದ್ದಲ್ಲ ಇದು.

ವುಂಪಿನಿ ಮೇಲಿಂದೊಂದು ಹಿಡಿ, ನಡುವಿಂದೊಂದು, ತಳದಿಂದೊಂದು
ತೆಗೆದು, ಪುಡಿ ಮಾಡಿ, ಸೀಸೆಯಲ್ಲಿ ಕುಲುಕಿ
ಬೆಂಕಿಕಡ್ಡಿಯಗಲದ ಪಟ್ಟಿ ಅದ್ದಿದ.
ಇಲ್ಲಿ ಎಲ್ಲ ತಿರುಗುಮುರುಗು:
ಕೆಂಪು ಗೆರೆ ಎದ್ದು ಕಂಡರೆ ಕಾಳು ಒಳ್ಳೆಯದು,
ಮಾಸಿದಷ್ಟೂ ವಿಷ ಹೆಚ್ಚು.
ಐದು ನಿಮಿಷ ಕಾಯಬೇಕು. ಐದು ನಿಮಿಷವೂ ಅತ್ತೆ
ನಾನು ಅವಳ ಮಡಿಲಲ್ಲಿ ಕುಲಿಕುಲಿ ಕಡಿಯಲು ಹೋಗಿ
ಹಾಲುಹಲ್ಲು ಮುರಿದುಕೊಂಡ ಕಥೆ ಹೇಳಿದಳು.
ವುಂಪಿನಿ ಪಟ್ಟಿಯ ಮೇಲೆ ಫೋನು ಹಿಡಿದ.
ನಾವು ಹಾಕಿಕೊಂಡ ಮಿತಿ ಹತ್ತು.
ಪರದೆಯ ಮೇಲೆ ಅರವತ್ತೆಂಟು.

"ಏನಂತೆ ನಿನ್ನ ಫೋನು?"
ಬೂಷ್ಟು, ಅಂದೆ. ಕಣ್ಣಿಗೆ ಕಾಣದ್ದು.
ಮಕ್ಕಳ ಮೈಗಿಳಿದು ಎತ್ತರ ಕದಿಯುತ್ತದಂತೆ.
"ಸುಹುಯಿನಿ, ಏಳು ಹೆತ್ತು ಇದೇ ಕಾಳಲ್ಲಿ ಸಾಕಿದೆ."
ಗೊತ್ತು. ಈಗ ಎಣಿಸಿದರೆ ನಾಲ್ವರು.
ಬಾಯಿಬಿಟ್ಟು ಹೇಳಲಿಲ್ಲ. ಉಳಿದವರು ಯಾತಕ್ಕೆ ಹೋದರೋ,
ಆಗ ಪಟ್ಟಿ ಅದ್ದಿ ನೋಡಿದವರಿಲ್ಲ.
ಒಂದೇ ಮನಸ್ಸು ಎಂದು ನನ್ನ ಹೆಸರಿನ ಅರ್ಥ.
ಆ ಹೊತ್ತು ಇದ್ದದ್ದು ಎರಡು.

ಮೂಟೆ ತಲೆಗೇರಿಸಿಕೊಂಡಳು:
"ಸಂತೆಯಲ್ಲಿ ಇಂಥದ್ದೆಲ್ಲ ಕೇಳುವವರಿಲ್ಲ ಬಿಡು."

ನಿಜ. ನಾನು ಬೇಡವೆಂದ ಮೂಟೆ
ಮಾಯವಾಗುವುದಿಲ್ಲ.
ಅರ್ಧ ಬೆಲೆಗೆ ಇಳಿದು, ಅರೆದು, ಎಣ್ಣೆ ತೇಲಿಸಿಕೊಂಡು
ನನ್ನ ಪೊಟ್ಟಣ ಕೊಳ್ಳಲಾಗದವಳ ಬಟ್ಟಲಿಗೆ ಹೋಗುತ್ತದೆ.
ಮೂರು ವರ್ಷದಲ್ಲಿ ಎಷ್ಟು ಮೂಟೆ ವಾಪಸು ಕಳಿಸಿದ್ದೇನೆ!
ಕೈ ತೊಳೆದ ನೀರು ಎತ್ತ ಹರಿಯಿತು ಅಂತ
ಅಕ್ರಾದ ಸಭೆಯಲ್ಲಿ ಯಾರೂ ಕೇಳಲಿಲ್ಲ,
ಶುದ್ಧತೆಗೆಂದು ಫಲಕ ಕೊಟ್ಟರು.
ಶೆಡ್ಡಿನ ಬಾಗಿಲು ಗಾಳಿಗೆ ಬಡಿಯದ ಹಾಗೆ
ಈಗ ಅದನ್ನೇ ಒತ್ತಿಟ್ಟಿದ್ದೇವೆ.

ನಿಲ್ಲು, ಅಂದೆ. ಮುಕ್ಕಾಲು ದರ ಕೊಡ್ತೀನಿ.
"ವಿಷ ಅಂತೀ, ಕೊಳ್ತೀನಿ ಅಂತೀ!"
ಹುಚ್ಚಿಯನ್ನು ನೋಡಿದಂತೆ ನೋಡಿ, ದುಡ್ಡು ಎರಡು ಸಲ ಎಣಿಸಿ,
ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.
ಬರಿನೆಲದ ಮೇಲೆ ಒಣಹಾಕಬೇಡ ಅಂತ ಟಾರ್ಪಾಲೂ ಕೊಟ್ಟೆ.
ಅವಳ ಮೇಕೆಗಳಿಗೆ ಅದೀಗ ಸೂರು ಎಂದು ಸುದ್ದಿ.

"ಯಾವ ಖಾತೆಗೆ ಬರೆಯಲಿ?" ವುಂಪಿನಿಯ ಪೆನ್ನು ತಡೆಯಿತು.
ಸೌದೆ ಅಂತ ಬರಿ.
"ಇಂಥ ಸೌದೆ ಉರಿಸಿ ಎಷ್ಟು ದಿನ ಬಾಗಿಲು ತೆಗೆದಿರ್ತೀವಿ?"
ಲೆಕ್ಕದ ಹುಡುಗ ಕೇಳಬೇಕಾದ್ದೇ ಕೇಳಿದ.
ನಾನು ಡ್ರಮ್ಮಿನ ಬೆಲ್ಟು ಬಿಗಿ ಮಾಡುತ್ತಾ ಕೇಳದವಳಂತೆ ಇದ್ದೆ.

ಸಂಜೆ ಹಿಂದಿನ ಗುಂಡಿಗೆ ಸುರಿದು ಕಡ್ಡಿ ಗೀರಿದೆವು.
ಎಣ್ಣೆಕಾಳು, ಬೇಗ ಹತ್ತಿಕೊಂಡಿತು.
ಅದರ ಘಮಕ್ಕೇನು ಗೊತ್ತು ತಾನು ವಿಷವೆಂದು!
ಗೋಡೆಯಾಚೆ ಮೊದಲು ಒಬ್ಬ, ಆಮೇಲೆ ಐದಾರು ಮಕ್ಕಳು
ಮೂಗೆತ್ತಿ ನಿಂತರು. ಎಲ್ಲರಿಗಿಂತ ಚಿಕ್ಕವಳು ಆಗಲೇ
ಎರಡೂ ಅಂಗೈ ಕೂಡಿಸಿ ಬಟ್ಟಲು ಮಾಡಿಕೊಂಡಿದ್ದಳು.
ಇದು ತಿನ್ನುವುದಲ್ಲ ಅಂತ
ಅವಳಿಗೆ ಯಾವ ಗೆರೆ ತೋರಿಸಿ ಹೇಳಲಿ?

ವುಂಪಿನಿ ಒಳಗೋಡಿ ಹಿಟ್ಟಿನ ಡಬ್ಬ ತಂದ,
ಒಂದೊಂದು ಅಂಗೈಗೆ ಒಂದೊಂದು ಚಮಚ ಸುರಿದ.
ಪೆನ್ನು ಕಿವಿಯ ಮೇಲೇ ಇತ್ತು.