ಮಸರು ಹೇಳಿದ್ದು

ಮೊದಲು ಹೇಳಿದ್ದು ಮಸರು.
ಎಂಜಿನ್ ಅಲ್ಲ, ಮೀಟರ್ ಅಲ್ಲ, ಮಿಸ್ತ್ರಿಯ ಮೂಗೂ ಅಲ್ಲ.

ಸೇತುವಿ ಸುತ್ತು ಹಾಕೋರು ಹಾಕಲಿ,
ಕೊಲ್ಹಾರದ ದಂಡಿಯಿಂದ ನಮ್ಮ ಬೋಟು ಸೀದಾ ಹೋಗತೈತಿ.
ದುಂಡವ್ವ ಮುಂಜಾನಿ ಒಯ್ದ ಹನ್ನೊಂದು ಗಡಿಗಿ
ಹನ್ನೊಂದೂ ಹೊಳ್ಳಿ ತಂದ್ಲು.
"ಯಾರೂ ಒಲ್ಲೆ ಅಂದ್ರು. ಎಣ್ಣಿ ನಾರತೈತಂತ.
ನಿಮ್ಮ ಬೋಟಿನ ಹೊಟ್ಯಾಗ ಏನು ಸತ್ತೈತಿ, ನೋಡ್ರಿ."

ಲಾಲಸಾಬ ಮಿಸ್ತ್ರಿ ಬೆರಳು ಅದ್ದಿ ನೆಕ್ಕಿದ.
ಚಲೋ ಐತಲ್ಲ, ಅಂದ.
ನಾ ಮೂಸಿದ್ನಿ. ಚಲೋ ಇರಲಿಲ್ಲ.
ಅವನ ಮಾರಿ ನೋಡಿದ್ನಿ; ಅವ ಹೊಳಿ ನೋಡಿದ.

ಎರಡು ವರ್ಷದ ಹಿಂದಿನ ಜ್ವರದಾಗ ಹೋದ ಮೂಗು
ಹೊಳ್ಳಿ ಬಂದಿಲ್ಲಂತ
ಹೇಂತಿಗೂ ಹೇಳಿರಲಿಲ್ಲಂತ ಅವ.
ಒಗ್ಗರಣಿ ಚಟಪಟ ಅಂದಾಗ
ಆಹಾ ಅನ್ನೋದು ರೂಢಿಯಾಗಿತ್ತು.

ಹಲಗಿ ಎತ್ತಿದ್ವಿ.
"ಮೊದಲು ಗಾಳಿ ಆಡಲಿ. ಸ್ವಿಚ್ ಮುಟ್ಟಬ್ಯಾಡ,
ಹಾಕಬ್ಯಾಡ, ಆರಿಸಲೂಬ್ಯಾಡ. ಫೋನ್ ದಂಡಿಮ್ಯಾಲ ಇಟ್ಟು ಬಾ.
ಡೀಸೆಲ್ ಅಂದ್ರ ಎಮ್ಮಿ, ಸಾವಕಾಶ ಏಳತೈತಿ.
ಜನರೇಟರಿನ ಪೆಟ್ರೋಲು ಹಂಗಲ್ಲ ತಂಗಿ,
ಅದರ ಆವಿ ಗಾಳಿಗಿಂತ ಭಾರ,
ಕಳ್ಳನಂಗ ಬಗ್ಗಿ ತಳಕ್ಕ ಹೋಗಿ ಕೂಡತೈತಿ
ಒಂದು ಕಿಡಿ ಬರೂ ಹಾದಿ ಕಾಯಕೋತ."

ಮೊಣಕಾಲೂರಿ ಮೂಸಕೋತ ಹ್ವಾದ್ನಿ, ಅವ ತೋರಿಸಿದ ಕಡೆ.
ವಾಲ್ವಿನ ಹಂತೇಕ? ಇಲ್ಲ.
ಫಿಲ್ಟರಿನ ಗಾಜಿನ ಬಟ್ಟಲಾ? ಇಲ್ಲ.
ಅದರ ತಳದಾಗ ಬೆರಳಗಲ ನೀರು, ಮ್ಯಾಲ ಡೀಸೆಲ್ಲು,
ನಡುವ ಒಂದು ಗೆರಿ.
ಜಗಳಾಡದನ ಬ್ಯಾರೆ ಆದ ಅಣ್ಣತಮ್ಮರಂಗ ನಿಂತಿದ್ದವು.
ಟ್ಯಾಂಕಿನ ಉಸಿರು ಪೈಪು?

ಅಲ್ಲೇ.
ಹೋದ ಬ್ಯಾಸಗ್ಯಾಗ ಬಣ್ಣ ಹೊಡಿಯೋರು
ಪೈಪನ್ನ ಒಳಗ ಮಡಚಿ ಹೊರಗಿನ ತೂತು ಮುಚ್ಚಿದ್ರು,
ಬೋಟು ಚಂದ ಕಾಣಲಿ ಅಂತ.
ಹೊರಗ ಬಿಡೂ ಉಸಿರು ಒಳಗ ಬಿಡತಿತ್ತು ಟ್ಯಾಂಕು
ನಮ್ಮ ಕಾಲಬುಡಕ, ಗಡಿಗಿಯ ಬುಡಕ.
ಬಾಜೂಕ, ಕಬ್ಬಿಗಿ ಔಷಧ ಹೊಡಿಯೋ ಪಂಪಿನ ಪೈಪು ಒಂದು,
ಎಂಜಿನ್ನಿಗೆ ಕಟ್ಟಿದ್ದು, ಒಂದೇ ಕ್ಲಿಪ್ಪು,
ಮೈತುಂಬ ಬೆವರು.

ಮೂರು ದಿನ ಬೋಟು ನಿಂತಿತು. ಮಾಲೀಕ ಬೈದ.
ಬಿಜಾಪುರದಿಂದ ಎಣ್ಣಿ ತಡಿಯೋ ಪೈಪು ಬಂತು.
ಉಸಿರು ಪೈಪನ್ನ ಕೊಕ್ಕರಿ ಕುತ್ತಿಗಿ ಹಂಗ ಬಾಗಿಸಿ
ಹೊರಗ ತಂದು ತುದಿಗಿ ಜಾಳಿಗಿ ಹಾಕಿದ.
ಜನರೇಟರು, ಅದರ ಡಬ್ಬಿ, ಎರಡೂ ಮ್ಯಾಲ, ಬಯಲಿಗಿ.
ಪೈಪಿನ ಒಂದೊಂದು ತುದಿಗಿ ಎರಡೆರಡು ಕ್ಲಿಪ್ಪು.
ಎರಡ್ಯಾಕ, ಕೇಳಿದ್ನಿ.
"ಒಂದು ಪೈಪಿಗಿ.
ಇನ್ನೊಂದು, ನಾ ಮರತ ದಿನಕ್ಕ."

ದುಂಡವ್ವ ನಂಬಲಿಲ್ಲ. ಒಂದು ಗಡಿಗಿ ಕೊಟ್ಟು
"ರಾತ್ರಿ ಹೊಟ್ಯಾಗ ಇಡ್ರಿ, ಮುಂಜಾನಿ ನೋಡೂಣು" ಅಂದ್ಲು.

ಇಟ್ವಿ.
ಆವತ್ತಿನಿಂದ ದಿನಾ ಇಡತೀವಿ.
ಹೊತ್ತು ಮೂಡೂಕಿಂತ ಮೊದಲ ಹಲಗಿ ಎತ್ತಿ
ಗಡಿಗಿಯ ಬಟ್ಟಿ ಸರಿಸಿ ಮೂಸತೀನಿ.
ಬರೇ ಮಸರು, ಅಂದ ಮ್ಯಾಲ ಅವ ಚಾವಿ ತಿರುವತಾನ.

ಆಮ್ಯಾಲ ರೊಟ್ಟಿ ಬಿಚ್ಚಿ ಅದನ್ನ ಉಣ್ಣತಾನ,
ಹೆಂಗೈತಿ ಅಂತ
ನನ್ನನ್ನ ಕೇಳಕೋತ.